ಆರಿಂಚಿನ ಕನ್ನಡಿ ಉಜ್ಜಿದ್ದೇನೆ, ಅಂಚು ಬಿದ್ದಿದೆ. ಏನು ಮಾಡಲಿ?

ತಿಪಟೂರು_ತಾರೆ

ಎಲ್ಲರಿಗೂ ನಮಸ್ಕಾರ. ಐದು ತಿಂಗಳಿಂದ ಟೆಲಿಸ್ಕೋಪ್‌ಗೆ ಕನ್ನಡಿ ಉಜ್ಜುತ್ತಿದ್ದೇನೆ. ಇದು ನನ್ನ ಮೊದಲನೇದು. 150 ಮಿ.ಮೀ. ಅಗಲ, ಎಫ್ 8, ಅಂದರೆ ಫೋಕಲ್ ಲೆಂಗ್ತ್ (ಬೆಳಕು ಒಂದೆಡೆ ಸೇರುವ ದೂರ) ಅಗಲದ ಎಂಟರಷ್ಟು, 1200 ಮಿ.ಮೀ. ಗಾಜು 19 ಮಿ.ಮೀ. ದಪ್ಪದ್ದು, ತುಮಕೂರಿನ ಗಾಜಿನಂಗಡಿಯಲ್ಲಿ ಯಾವುದೋ ಶೋರೂಮ್ ಬಾಗಿಲಿಗೆ ತಂದು ಉಳಿದಿದ್ದ ತುಂಡು. ಅಂಗಡಿಯವರೇ ದುಂಡಗೆ ಕತ್ತರಿಸಿ ಕೊಟ್ಟರು. ಉಜ್ಜುವ ಕೆಳಗಿನ ತಟ್ಟೆಯನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಎರಕ ಹೊಯ್ದು, ಮೇಲೆ ಟೈಲ್ಸ್ ಚೂರುಗಳನ್ನು ಅಂಟಿಸಿದೆ.

80ನೇ ನಂಬರ್ ಕಾರ್ಬೊರಂಡಮ್ ಪುಡಿಯಲ್ಲಿ (ದಪ್ಪ ಕಾಳಿನದು) ಗಾಜಿನ ನಡುವೆ ಗುಂಡಿ ತೋಡೋಕೆ ನಾಲ್ಕು ಸಂಜೆ ಹಿಡಿಯಿತು. ಬೇಕಾಗಿದ್ದ ಆಳ 1.17 ಮಿ.ಮೀ. ಅಳೆಯೋದು ಹೇಗೆ ಅಂತ ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು, ನಡುವೆ 1.2 ಮಿ.ಮೀ. ಡ್ರಿಲ್ ಬಿಟ್ ತೂರಿಸಿ ನೋಡಿದೆ. ಬಿಟ್ ಸರಿಯಾಗಿ ತಾಗಿಕೊಂಡು ಒಳಗೆ ಹೋದ ದಿನ ನಿಲ್ಲಿಸಿದೆ. ಆಮೇಲೆ ಒಂದಕ್ಕಿಂತ ಒಂದು ನುಣ್ಣನೆ ಪುಡಿ, 120, 220, 320, 500, ಕೊನೆಗೆ ಅಲ್ಯೂಮಿನಿಯಂ ಆಕ್ಸೈಡ್. ಈಗ ಪಿಚ್ (ಡಾಂಬರಿನಂಥ ಅಂಟು) ಮೇಲೆ ಸೀರಿಯಂ ಆಕ್ಸೈಡ್ ಪುಡಿ ಹಾಕಿ ಮೂರು ವಾರದಿಂದ ಪಾಲಿಶ್ ನಡೀತಿದೆ.

ಸಮಸ್ಯೆ ಏನಂದ್ರೆ, ನಿನ್ನೆ ಫುಕೋ ಟೆಸ್ಟ್ (ಬ್ಲೇಡಿನಿಂದ ಬೆಳಕು ಕತ್ತರಿಸಿ ಕನ್ನಡಿಯ ಮೇಲಿನ ನೆರಳು ನೋಡೋದು) ಮಾಡಿದೆ. ಒಂದು ಎಲ್‌ಇಡಿ, ಒಂದು ಶೇವಿಂಗ್ ಬ್ಲೇಡು, ಎರಡೂವರೆ ಮೀಟರ್ ದೂರದಲ್ಲಿ ಗೋಡೆಗೊರಗಿಸಿದ ಕನ್ನಡಿ. ನಡುಭಾಗ ಚೆನ್ನಾಗಿ ಒಂದೇ ಬೂದು ಬಣ್ಣಕ್ಕೆ ತಿರುಗುತ್ತೆ. ಆದರೆ ಸುತ್ತಲೂ ಅಂಚಿನಲ್ಲಿ ಒಂದು ತೆಳು ಬೆಳಕಿನ ಗೆರೆ ಉಳಿದುಬಿಡುತ್ತೆ. ಇದೇ ಅಂಚು ಬೀಳೋದು ಅಂತಾರಲ್ಲ, ಅದಾ? ಫೋಟೋ ಹಾಕಿದ್ದೇನೆ.

ಅಮ್ಮ ದಿನಾ ಒಂದೇ ಮಾತು. ದೋಸೆಗೆ ರುಬ್ಬಿಕೊಡು ಅಂದ್ರೆ ಕೈ ನೋವು ಅಂತಿದ್ದವನು ಐದು ತಿಂಗಳಿಂದ ಗಾಜು ರುಬ್ತಿದ್ದಾನೆ, ಅದೂ ನುಣ್ಣಗಾಗಿಲ್ಲವಂತೆ.

ಹಳೇ_ಕನ್ನಡಿ

ತಮ್ಮಾ, ಹೌದು. ಅಂಚು ಬಿದ್ದಿದೆ, ಅಂದರೆ ಅಂಚು ಬೇಕಾದ್ದಕ್ಕಿಂತ ಜಾಸ್ತಿ ಸವೆದು ಕೆಳಗಿಳಿದಿದೆ. ಹೆದರಬೇಡ, ಮೊದಲ ಕನ್ನಡಿಯಲ್ಲಿ ಅಂಚು ಬೀಳದವರನ್ನು ನಾನಂತೂ ನೋಡಿಲ್ಲ. ಮೂರು ಪ್ರಶ್ನೆ. ಪಾಲಿಶ್ ಮಾಡುವಾಗ ಕನ್ನಡಿಯನ್ನು ಎಲ್ಲಿ ಹಿಡೀತೀಯ? ಹೊತ್ತು ಯಾವುದು, ಕೋಣೆ ಎಷ್ಟು ಬಿಸಿ ಇರುತ್ತೆ? ಪಾಲಿಶ್ ನಿಲ್ಲಿಸಿ ಎಷ್ಟು ಹೊತ್ತಾದ ಮೇಲೆ ಟೆಸ್ಟ್ ಮಾಡಿದೆ?

ತಿಪಟೂರು_ತಾರೆ

ಸರ್, ಎರಡೂ ಕೈ ಬೆರಳುಗಳಿಂದ ಅಂಚು ಹಿಡಿದು ಒತ್ತುತ್ತೇನೆ. ಕೆಲಸದಿಂದ ಬಂದು ಸಂಜೆ ಆರರಿಂದ ಎಂಟು. ಶೀಟ್ ಹಾಕಿದ ಕೋಣೆ, ಧಗೆ ಜಾಸ್ತಿ. ಟೆಸ್ಟ್ ಕೂಡಲೇ ಮಾಡಿದೆ, ತಡೆಯೋಕಾಗಲಿಲ್ಲ.

ಹಳೇ_ಕನ್ನಡಿ

ಮೂರಕ್ಕೆ ಮೂರೂ ತಪ್ಪು! ನಾನೂ ಇವನ್ನೇ ಮಾಡಿದ್ದೆ, ಅದಕ್ಕೇ ಕೇಳಿದ್ದು.

ಬೆರಳಲ್ಲಿ ಅಂಚು ಹಿಡಿದು ಒತ್ತಿದರೆ ಅಂಚೇ ಜಾಸ್ತಿ ಸವೆಯುತ್ತೆ. ಅಂಗೈಯನ್ನು ನಡುವೆ ಇಡು, ಕನ್ನಡಿಯ ತೂಕವೇ ಕೆಲಸ ಮಾಡಲಿ. ಎಳೆತ ಅಗಲದ ಮೂರನೇ ಒಂದು ಭಾಗ ದಾಟಬಾರದು, ಅಂದರೆ ನಿನಗೆ ಐದು ಸೆಂ.ಮೀ. ಒಂದಷ್ಟು ಎಳೆತ, ಆಮೇಲೆ ಕನ್ನಡಿ ಸ್ವಲ್ಪ ತಿರುಗಿಸು, ನೀನೂ ತಟ್ಟೆ ಇಟ್ಟ ಡ್ರಮ್ಮಿನ ಸುತ್ತ ಒಂದು ಹೆಜ್ಜೆ ಸರಿ. ಸುತ್ತೋದು ಬಿಟ್ಟೆಯೋ, ಕನ್ನಡಿ ದುಂಡಗೆ ಉಳಿಯಲ್ಲ.

ಪಿಚ್ ವಿಷಯ. ಸಂಜೆ ಧಗೆಯಲ್ಲಿ ಅದು ಮೆತ್ತಗಾಗುತ್ತೆ. ಮೆತ್ತನೆ ಪಿಚ್ಚಿನಲ್ಲಿ ಕನ್ನಡಿ ಹೂತುಕೊಳ್ಳುತ್ತೆ, ಅಂಚಿನ ಸುತ್ತ ಪಿಚ್ ಉಬ್ಬಿ ಬರುತ್ತೆ, ಅಲ್ಲೇ ಅಂಚು ಬೀಳೋದು. ಹೆಬ್ಬೆರಳ ಉಗುರು ಊರಿ ನೋಡು. ಸಲೀಸಾಗಿ ಗುರುತು ಬಿದ್ದರೆ ಮೆತ್ತಗಿದೆ. ಸ್ವಲ್ಪ ಹೊತ್ತು ಜೋರಾಗಿ ಒತ್ತಿದ ಮೇಲೆ ಬಿದ್ದರೆ ಸರಿ. ಗಟ್ಟಿ ಮಾಡೋಕೆ ಕಡಿಮೆ ಉರಿಯಲ್ಲಿ ಇನ್ನಷ್ಟು ಕಾಯಿಸು, ಮೆತ್ತಗೆ ಮಾಡೋಕೆ ಒಂದೆರಡು ಹನಿ ಟರ್ಪೆಂಟೈನ್, ಅದನ್ನು ಒಲೆಯಿಂದ ಇಳಿಸಿದ ಮೇಲೆ ಮಾತ್ರ ಹಾಕು. ಬೆಂಕಿ ಹತ್ತಿಕೊಳ್ಳುತ್ತೆ, ಅಡುಗೆಮನೆಯಲ್ಲಿ ಬೇಡ. ಪಾಲಿಶ್ ಕೆಲಸವನ್ನು ಬೆಳಗ್ಗೆ ಐದಕ್ಕೆ ಹಾಕಿಕೋ.

ಇನ್ನು ಟೆಸ್ಟ್. ನೀನು ಹುಡುಕುತ್ತಿರುವ ತಪ್ಪಿನ ಅಳತೆ ಗೊತ್ತಿದೆಯಾ? ಕನ್ನಡಿಯ ಮೈಯಲ್ಲಿ ಸುಮಾರು 70 ನ್ಯಾನೋಮೀಟರ್. ತಲೆಗೂದಲಿನ ದಪ್ಪವನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು. ನಿನ್ನ ಕೈ ಬಿಸಿಯೇ ಅದಕ್ಕಿಂತ ಜಾಸ್ತಿ ಗಾಜನ್ನು ಉಬ್ಬಿಸುತ್ತೆ. ಬೇಕಾದರೆ ಒಂದು ಆಟ ಆಡು. ಕನ್ನಡಿಯ ಮೇಲೆ ಒಂದು ನಿಮಿಷ ಬೆರಳೂರಿ, ತೆಗೆದು, ಬ್ಲೇಡಿನ ಹಿಂದಿನಿಂದ ನೋಡು. ಬೆರಳಿಟ್ಟ ಜಾಗದಲ್ಲಿ ಗುಡ್ಡ ಎದ್ದಿರುತ್ತೆ, ನೋಡ್ತಾ ನೋಡ್ತಾ ಕರಗುತ್ತೆ. ಅದನ್ನು ನೋಡಿದ ಮೇಲೆ ಒಂದೆರಡು ಗಂಟೆ ಕಾಯೋ ಬುದ್ಧಿ ತಾನೇ ಬರುತ್ತೆ.

ಒಂದು ಸಮಾಧಾನ: ಆರಿಂಚು ಎಫ್ 8 ಆದ್ದರಿಂದ ಗೋಳದ ಆಕಾರವನ್ನು ಪ್ಯಾರಾಬೊಲಾ ಮಾಡಬೇಕು ಅಂತ ಒದ್ದಾಡೋದು ಕಡಿಮೆ. ಶುದ್ಧ ಗೋಳವಾಗಿ ಬಿಟ್ಟರೂ ತಪ್ಪು ಬೆಳಕಿನ ಕಾಲು ತರಂಗದ ಆಸುಪಾಸು, ಅಷ್ಟು ನಡೆಯುತ್ತೆ. ಮೊದಲು ಅಂಚು ನೋಡು.

ಅಮ್ಮನಿಗೆ ಖಗೋಳ ವಿಜ್ಞಾನಿ ವಿಲಿಯಂ ಹರ್ಶೆಲ್ ಕತೆ ಹೇಳು. ಆತ ಒಮ್ಮೆ ಹದಿನಾರು ಗಂಟೆ ಕನ್ನಡಿಯಿಂದ ಕೈ ತೆಗೆಯದೆ ಪಾಲಿಶ್ ಮಾಡಿದ್ದ. ತಂಗಿ ಕ್ಯಾರೊಲಿನ್ ಪಕ್ಕ ನಿಂತು ಬಾಯಿಗೆ ತುತ್ತು ಇಟ್ಟಳು. 1781ರಲ್ಲಿ ಯುರೇನಸ್ ಕಂಡಿದ್ದು ಅವನೇ ಮಾಡಿಕೊಂಡ ಟೆಲಿಸ್ಕೋಪಿನಲ್ಲಿ, ಕನ್ನಡಿ ಆರಿಂಚು ಚಿಲ್ಲರೆ. ನಿನ್ನದರಷ್ಟೇ.

ರಾತ್ರಿಪಾಳಿ

ಬೇಜಾರು ಮಾಡ್ಕೋಬೇಡಿ, ಒಂದು ಮಾತು. ರೆಡಿಮೇಡ್ ಆರಿಂಚಿನ ಡಾಬ್ಸೋನಿಯನ್ (ಪೆಟ್ಟಿಗೆ ಪೀಠದ ಟೆಲಿಸ್ಕೋಪ್) ಮನೆ ಬಾಗಿಲಿಗೇ ಬರುತ್ತೆ. ಅದರ ಕನ್ನಡಿಯನ್ನು ಮಶೀನ್ ಮಾಡಿರುತ್ತೆ, ಇಷ್ಟು ಒದ್ದಾಟ ಇರಲ್ಲ. ಐದು ತಿಂಗಳು ಉಜ್ಜಿದ ಹೊತ್ತಿನಲ್ಲಿ ಐವತ್ತು ರಾತ್ರಿ ಆಕಾಶ ನೋಡಬಹುದಿತ್ತು. ಈ ಕಾಲದಲ್ಲಿ ಕೈಯಲ್ಲಿ ಕನ್ನಡಿ ಉಜ್ಜೋದು ಹಟ ಅಷ್ಟೇ ಅನ್ಸುತ್ತೆ.

ಧಾರವಾಡ_ಫಿಸಿಕ್ಸ್

ರಾತ್ರಿಪಾಳಿಯವರೇ, ಅರ್ಧ ನಿಮ್ಮ ಮಾತು ಒಪ್ಪುತ್ತೇನೆ. ಆಕಾಶ ನೋಡೋದಷ್ಟೇ ಗುರಿ ಆದರೆ ಖಂಡಿತ ಕೊಂಡುಕೊಳ್ಳಿ. ದುಡ್ಡು ಉಳಿಯುತ್ತೆ ಅಂತ ಯಾರಾದರೂ ಆರಿಂಚು ಎಂಟಿಂಚು ಉಜ್ಜೋಕೆ ಹೊರಟರೆ ನಾನೇ ಬೇಡ ಅಂತೀನಿ. ಪುಡಿ, ಪಿಚ್, ಕಣ್ಣಿಡೋ ಐಪೀಸ್, ಒಳಗಿನ ಎರಡನೇ ಚಿಕ್ಕ ಕನ್ನಡಿ, ಗಾಜಿಗೆ ಲೋಹದ ಕೋಟಿಂಗ್, ಹೋಗಿಬರೋ ಬಸ್ ಚಾರ್ಜು ಎಲ್ಲ ಕೂಡಿದರೆ ಲೆಕ್ಕ ಎಲ್ಲಿಂದೆಲ್ಲಿಗೋ ಹೋಗುತ್ತೆ.

ಆದರೆ ನಾನು ಟೀಚರ್ ರೀ. ಪಿಯುಸಿ ಮಕ್ಕಳಿಗೆ ನಿಮ್ನ ದರ್ಪಣದ ಸೂತ್ರ ಹನ್ನೆರಡು ವರ್ಷ ಬೋರ್ಡ್ ಮೇಲೆ ಬರೆದಿದ್ದೇನೆ. ಉಜ್ಜಿದ ಕನ್ನಡಿಗೆ ನೀರು ಬಳಿದು, ಬಿಸಿಲಿಗೆ ಹಿಡಿದು, ಸೂರ್ಯನ ಬಿಂಬ ಗೋಡೆ ಮೇಲೆ ಚಿಕ್ಕದಾಗೋ ಜಾಗ ಹುಡುಕಿ, ಟೇಪ್ ಹಿಡಿದು ಅಳೆದಾಗ ಒಬ್ಬ ಹುಡುಗಿ "ಮಿಸ್, ಇದೇ ಎಫ್ಫಾ?" ಅಂತ ಕೇಳಿದಳು. ನನಗೂ ಅವತ್ತೇ ಅದು ಕಣ್ಣಿಗೆ ಕಂಡಿದ್ದು. ಅಂದಹಾಗೆ ಬಿಂಬ ಬೀಳೋ ಕಡೆ ಕಣ್ಣಿಡಬಾರದು, ಮಕ್ಕಳಿದ್ದರೆ ಇದನ್ನು ಮೊದಲು ಹೇಳಿ.

ತಿಪಟೂರಿನವರಿಗೆ ನನ್ನದೊಂದು ಉಪಾಯ. ಫುಕೋ ನೆರಳು ಓದೋಕೆ ಮೊದಮೊದಲು ಕಷ್ಟ, ರೋಂಕಿ ಗೆರೆಗಳು ಸುಲಭ. ಇಂಚಿಗೆ ನೂರು ಗೆರೆ ಇರೋ ಒಂದು ಫಿಲ್ಮ್ ತುಂಡು ಬೇಕು. ಹೊರಗಿನಿಂದ ತರಿಸಿದರೆ ದುಬಾರಿ. ಟ್ರಾನ್ಸ್‌ಪರೆನ್ಸಿ ಹಾಳೆಯಲ್ಲಿ ಪ್ರಿಂಟ್ ತೆಗೆದು ನೋಡಿದೆ, ಗೆರೆ ಹರಕು ಮುರುಕು. ಆಮೇಲೆ ಲಗ್ನಪತ್ರಿಕೆ ಮಾಡೋ ಆಫ್‌ಸೆಟ್ ಪ್ರೆಸ್ಸಿನವರಿಗೆ ಫೈಲ್ ಕೊಟ್ಟೆ, ಅವರ ಇನ್ನೊಂದು ಕೆಲಸದ ಫಿಲ್ಮ್ ಮೂಲೆಯಲ್ಲಿ ಅದನ್ನೂ ಹಾಕಿ ತೆಗೆದುಕೊಟ್ಟರು. ಗೆರೆ ಕತ್ತರಿಸಿದ ಹಾಗಿದೆ. ಎಲ್‌ಇಡಿ ಮುಂದೆ ಅದೇ ಫಿಲ್ಮ್, ಹಿಂದೆ ಮೊಬೈಲ್ ಕ್ಯಾಮೆರಾ. ಅಂಚು ಬಿದ್ದಿದ್ದರೆ ಗೆರೆಗಳ ತುದಿ ಕೊಕ್ಕೆಯ ಹಾಗೆ ಬಾಗುತ್ತೆ. ಫೈಲ್ ಇಲ್ಲೇ ಹಾಕಿದ್ದೇನೆ, ತಗೊಳ್ಳಿ.

ಕುಂದಾಪ್ರ_ಕಡಲು

ಮೇಡಂ, ಪ್ರೆಸ್ ಉಪಾಯ ಭಾರಿ ಲಾಯಕ್ ಆಯ್ತು ಮಾರಾಯ್ರೆ. ನಾನು ಎರಡು ವರ್ಷ ಕೊಡೆಯ ಬಟ್ಟೆ, ಸೊಳ್ಳೆ ಪರದೆ ಎಲ್ಲ ಹಿಡಿದು ನೋಡಿ ಸೋತವ. ಸೊಳ್ಳೆ ಪರದೆ ಬೇರೆ ಕಡೆ ಉಪಯೋಗಕ್ಕೆ ಬಂತು ಅನ್ನಿ. ಪಿಚ್ ಸ್ವಲ್ಪ ಬೆಚ್ಚಗಿರುವಾಗ ಮೇಲೆ ಪರದೆ ಹಾಸಿ ಕನ್ನಡಿ ಇಟ್ಟು ಒತ್ತಿದರೆ ಸಣ್ಣ ಸಣ್ಣ ಚೌಕ ಏಳುತ್ತದೆ. ಕನ್ನಡಿ ಅಂಟಿಕೊಂಡು ಹಿಡಿಯುವುದಿಲ್ಲ, ಸೀರಿಯಂ ನೀರು ಒಳಗೆಲ್ಲ ಹೋಗುತ್ತದೆ. ಪರದೆಗೆ ಸೋಪಿನ ನೀರು ಹಚ್ಚಲು ಮರೆಯಬೇಡಿ, ಮರೆತರೆ ಪಿಚ್ ಸಮೇತ ಕಿತ್ತು ಬರುತ್ತದೆ. ನನಗೆ ಬಂದಿದೆ.

ಬೇ_ಏರಿಯಾ_ಕನ್ನಡಿಗ

ರಾತ್ರಿಪಾಳಿಯವರು ರೆಡಿಮೇಡ್ ಡಾಬ್ಸೋನಿಯನ್ ಅಂದರಲ್ಲ, ಆ ಹೆಸರಿನ ಮನುಷ್ಯ ಇದ್ದಿದ್ದು ನಾನೀಗ ಇರೋ ಕಡೆಯೇ. ಕತೆ ಕೇಳಿದರೆ ನಮ್ಮೂರಿನದು ಅನ್ನಿಸುತ್ತೆ, ಅದಕ್ಕೇ ಬರೀತಿದ್ದೇನೆ.

ಜಾನ್ ಡಾಬ್ಸನ್ ಹುಟ್ಟಿದ್ದು 1915ರಲ್ಲಿ ಬೀಜಿಂಗ್‌ನಲ್ಲಿ. 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ರಾಮಕೃಷ್ಣ ಪರಂಪರೆಯ ವೇದಾಂತ ಆಶ್ರಮ ಸೇರಿ ಸನ್ಯಾಸಿಯಾದರು. ಕೈಯಲ್ಲಿ ಕಾಸಿಲ್ಲ. ಹಡಗಿನ ಕಿಟಕಿಯ ದಪ್ಪ ಗಾಜು ಗುಜರಿಯಲ್ಲಿ ಸಿಗುತ್ತಿತ್ತು, ಅದನ್ನೇ ಉಜ್ಜಿದರು. ರಟ್ಟಿನ ಕೊಳವೆ, ಪ್ಲೈವುಡ್ ಪೆಟ್ಟಿಗೆ. ರಾತ್ರಿ ಆಶ್ರಮದಿಂದ ಹೊರಗೆ ಬಂದು ಬೀದಿಯಲ್ಲಿ ಹೋಗೋ ಬರೋರಿಗೆ ಚಂದ್ರನನ್ನು ತೋರಿಸೋದು. ಆಶ್ರಮದಲ್ಲಿ ಇದು ಎಲ್ಲರಿಗೂ ಇಷ್ಟವಿರಲಿಲ್ಲ. ಅದಕ್ಕೆ ಕಾಗದ ಬರೆಯುವಾಗ ಟೆಲಿಸ್ಕೋಪಿಗೆ ಗುಟ್ಟಿನ ಹೆಸರು ಇಟ್ಟಿದ್ದರು: ಜೆರೇನಿಯಂ ಗಿಡ. ಕುಂಡದಲ್ಲಿಟ್ಟ ಜೆರೇನಿಯಂ ಅಂದರೆ ಕೊಳವೆ, ಪೀಠ ಎಲ್ಲ ತಯಾರಾಗಿದೆ ಅಂತ. ಜೆರೇನಿಯಂ ಹೂ ಬಿಟ್ಟಿದೆ ಅಂದರೆ ಕನ್ನಡಿಗೆ ಕೋಟಿಂಗ್ ಆಗಿದೆ ಅಂತ! 1967ರಲ್ಲಿ ಆಶ್ರಮ ಬಿಡಬೇಕಾಯಿತು. ಮರುವರ್ಷವೇ ಬೀದಿ ಬದಿಯ ಖಗೋಳ ವೀಕ್ಷಕರ ಕೂಟ ಶುರುವಾಯಿತು.

ನನಗೆ ಮುಖ್ಯ ಅನ್ನಿಸೋದು ಪೀಠ. ಆಗಿನ ಹವ್ಯಾಸಿಗಳೆಲ್ಲ ಭಾರದ ಕಬ್ಬಿಣದ ಸ್ಟ್ಯಾಂಡ್, ಗೇರು, ಬೇರಿಂಗ್ ಅಂತ ಒದ್ದಾಡುತ್ತಿದ್ದರು. ಈ ಪೆಟ್ಟಿಗೆ ಟೆಫ್ಲಾನ್ ತುಂಡಿನ ಮೇಲೆ ಜಾರುತ್ತೆ, ಅಷ್ಟೇ. ಅಲುಗಾಡಿಸೋಕೆ ಬೇಕಾದ ಬಲ, ಅಲುಗುತ್ತಾ ಇರೋಕೆ ಬೇಕಾದ ಬಲ ಎರಡೂ ಹೆಚ್ಚುಕಮ್ಮಿ ಒಂದೇ. ಬೆರಳಲ್ಲಿ ನೂಕಿದರೆ ಜಿಗಿಯಲ್ಲ, ಬಿಟ್ಟರೆ ಅಲ್ಲೇ ನಿಲ್ಲುತ್ತೆ. ಪೇಟೆಂಟ್ ಮಾಡಿಸಲೇ ಇಲ್ಲ. ಅದಕ್ಕೇ ಯಾವ ಕಂಪನಿ ಬೇಕಾದರೂ ಮಾಡಿ ಮಾರುತ್ತೆ, ಅದಕ್ಕೇ ನಿಮ್ಮ ರೆಡಿಮೇಡ್ ಅಷ್ಟು ಅಗ್ಗ.

ತಿಪಟೂರು_ತಾರೆ

ಜೆರೇನಿಯಂ 😄 ಇನ್ಮೇಲೆ ನಮ್ಮನೆಯಲ್ಲೂ ಅದೇ ಹೆಸರು.

ಪೀಠಕ್ಕೆ ಟೆಫ್ಲಾನ್ ಬೆಂಗಳೂರಿನ ಎಸ್.ಜೆ.ಪಿ. ರೋಡಿನಲ್ಲಿ ಸಿಕ್ಕಿತು. ಅದರ ಕೆಳಗೆ ಸನ್‌ಮೈಕಾ ಸಾಕಾ? ನುಣುಪಾದದ್ದಾ, ತರಿತರಿಯಾದದ್ದಾ? ಕೊಳವೆಗೆ ಬೋರ್‌ವೆಲ್‌ನ ಏಳಿಂಚಿನ ಕೇಸಿಂಗ್ ಪೈಪ್ ನಾಲ್ಕಡಿ ತುಂಡು ಇದೆ. ಪಕ್ಕದ ತೋಟದಲ್ಲಿ ಬೋರ್ ಹಾಕಿಸಿ ಉಳಿದದ್ದು. ನೀರು ಬರಲಿಲ್ಲ, ಪೈಪಾದರೂ ಉಪಯೋಗಕ್ಕೆ ಬರಲಿ ಅಂದರು.

ಹಳೇ_ಕನ್ನಡಿ

ತರಿತರಿ ಸನ್‌ಮೈಕಾ. ತೀರಾ ನುಣುಪಾದದ್ದಕ್ಕೆ ಟೆಫ್ಲಾನ್ ಕಚ್ಚಿಕೊಳ್ಳುತ್ತೆ. ಪೈಪ್ ಬೇಡ. ಆರಿಂಚಿನ ಕನ್ನಡಿಗೆ ಅದು ಇಕ್ಕಟ್ಟು, ಒಳಗಿನ ಬಿಸಿ ಗಾಳಿ ಗೋಡೆಗುಂಟ ಏರುವಾಗ ಬಿಂಬ ಕುದಿಯುತ್ತೆ. ತೂಕ ಬೇರೆ. ತೆಳು ಪ್ಲೈವುಡ್‌ನಲ್ಲಿ ಏಳೂವರೆ ಇಂಚಿನ ಚೌಕ ಪೆಟ್ಟಿಗೆ ಮಾಡು. ದುಂಡಗೇ ಇರಬೇಕು ಅಂತ ನಕ್ಷತ್ರವೇನೂ ಕೇಳಲ್ಲ.

ಕುಂದಾಪ್ರ_ಕಡಲು

ಪೀಠದ ಮಾತು ಬಂತಲ್ಲ, ನನ್ನ ಪ್ಲಾಟ್‌ಫಾರ್ಮ್ ಕತೆ ಹೇಳಿಯೇ ಬಿಡುತ್ತೇನೆ. ಸ್ವಲ್ಪ ಉದ್ದ ಆಗಬಹುದು.

ಡಾಬ್ಸೋನಿಯನ್‌ನ ತೊಂದರೆ ಎಂದರೆ ಭೂಮಿ ತಿರುಗುತ್ತದೆ, ಪೆಟ್ಟಿಗೆ ತಿರುಗುವುದಿಲ್ಲ. ಜಾಸ್ತಿ ಪವರ್ ಹಾಕಿದರೆ ಶನಿಗ್ರಹ ಅರ್ಧ ನಿಮಿಷದಲ್ಲಿ ಓಡಿಹೋಗುತ್ತದೆ. ಇದಕ್ಕೆ ಆಡ್ರಿಯೆನ್ ಪಾನ್ಸೆ ಎಂಬವರು 1977ರಲ್ಲಿ ಒಂದು ಉಪಾಯ ಪ್ರಕಟಿಸಿದರು. ಇಡೀ ಟೆಲಿಸ್ಕೋಪನ್ನು ಒಂದು ಹಲಗೆಯ ಮೇಲೆ ಇಡುವುದು, ಹಲಗೆಯೇ ಧ್ರುವದ ಅಕ್ಷದ ಸುತ್ತ ಗಂಟೆಗೆ 15 ಡಿಗ್ರಿ ವಾಲುವುದು. ಒಂದು ಗಂಟೆ ಆದ ಮೇಲೆ ಹಿಂದಕ್ಕೆ ತಳ್ಳಿ ಮತ್ತೆ ಶುರು. ಇದರ ಬೇರೆ ಬೇರೆ ನಮೂನೆಯ ಡ್ರಾಯಿಂಗ್‌ಗಳು ಧಾರಾಳ ಸಿಗುತ್ತವೆ. ಒಂದನ್ನು ನೋಡಿ ಹಾಗೆಯೇ ಮಾಡಿದೆ. ಉತ್ತರಕ್ಕೆ ದುಂಡನೆಯ ತುಂಡು, ದಕ್ಷಿಣಕ್ಕೆ ಒಂದು ಮೊಳೆ. ಕೋನ ಮಾತ್ರ ನಮ್ಮೂರಿನ 13 ಡಿಗ್ರಿಗೆ ಬದಲಿಸಿದೆ. ಟೆಲಿಸ್ಕೋಪ್ ಇಟ್ಟೆ. ಹತ್ತು ನಿಮಿಷ ಚಂದ ಇತ್ತು. ಆಮೇಲೆ ಪೂರ್ತಿ ಅಂಗಳಕ್ಕೆ ಮಗುಚಿತು. ಕನ್ನಡಿ ಉಳಿದದ್ದು ದೇವರ ದಯೆ, ಫೋಕಸರ್ ಚಪ್ಪಟೆ.

ಕಾರಣ ಹೊಳೆಯಲು ಒಂದು ಮಳೆಗಾಲ ಬೇಕಾಯಿತು. ವಾಲುವ ಅಕ್ಷ ಟೆಲಿಸ್ಕೋಪಿನ ತೂಕದ ನಡುವಿನ ಮೂಲಕ ಹಾದುಹೋಗಬೇಕು. ಆ ಡ್ರಾಯಿಂಗ್ ಮಾಡಿದವರ ಊರು 40 ಡಿಗ್ರಿ ಅಕ್ಷಾಂಶದಲ್ಲಿದೆ. ಅಲ್ಲಿ ದಕ್ಷಿಣಕ್ಕೆ ಒಂದಡಿ ಹೋದರೆ ಅಕ್ಷ ಹತ್ತು ಇಂಚು ಕೆಳಗಿಳಿಯುತ್ತದೆ. ಬೇಗ ಹಲಗೆಗೆ ಬಂದು ಮುಟ್ಟುತ್ತದೆ, ಅಲ್ಲೊಂದು ಮೊಳೆ ಹೊಡೆದರೆ ಆಯಿತು. ನಮ್ಮ 13 ಡಿಗ್ರಿಯಲ್ಲಿ ಒಂದಡಿಗೆ ಮೂರು ಇಂಚು ಕೂಡ ಇಳಿಯುವುದಿಲ್ಲ. ಅಕ್ಷ ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರ, ಅದೂ ಹಲಗೆಯಿಂದ ಎರಡಡಿ ಮೇಲೆ ಗಾಳಿಯಲ್ಲಿ. ಅಲ್ಲಿ ಮೊಳೆ ಎಲ್ಲಿ ಹೊಡೆಯುವುದು? ನಾನು ಹಲಗೆಗೇ ಹೊಡೆದಿದ್ದೆ, ಅಕ್ಷ ತೂಕದ ನಡುವಿಗಿಂತ ಕೆಳಗೆ ಹೋಯಿತು, ಅದಕ್ಕೇ ಮಗುಚಿದ್ದು.

ಕೊನೆಗೆ ಉಪಾಯ ಹೊಳೆದದ್ದು ತಂಗಿಯ ಮಗುವಿನ ತೊಟ್ಟಿಲು ತೂಗುವಾಗ. ನೇತು ಹಾಕಿದ್ದಲ್ಲ, ನೆಲದ ಮೇಲಿನ ಮರದ ತೊಟ್ಟಿಲು, ಎರಡೂ ತುದಿಗೆ ಬಾಗಿದ ಪಟ್ಟಿ ಇರುತ್ತದಲ್ಲ, ಅದು. ಹಾಗೆಯೇ ಮೊಳೆ ಬಿಟ್ಟು ದಕ್ಷಿಣಕ್ಕೂ ಒಂದು ದುಂಡನೆಯ ತುಂಡು ಹಾಕಿದೆ. ಉತ್ತರದ್ದರ ತ್ರಿಜ್ಯ ಸ್ವಲ್ಪ ದೊಡ್ಡದು, ದಕ್ಷಿಣದ್ದು ಸಣ್ಣದು, ಎರಡೂ ನಾಲ್ಕು ಬೇರಿಂಗ್ ಮೇಲೆ ಉರುಳುತ್ತದೆ. ಎರಡೂ ಕಡೆ ಎಂಟು ಡಿಗ್ರಿ ದಾಟದಂತೆ ಮರದ ತಡೆ. ಈಗ ಗುರುಗ್ರಹವನ್ನು ಹಾಕಿಟ್ಟು ಒಳಗೆ ಹೋಗಿ ಚಾ ಕುಡಿದು ಬಂದರೂ ಅಲ್ಲೇ ಇರುತ್ತದೆ.

ಅಳತೆ ಎಲ್ಲ ಹಾಕಿದ್ದೇನೆ. ಬೀದರಿನವರು 18 ಡಿಗ್ರಿಗೆ ಲೆಕ್ಕ ಬದಲಿಸಿಕೊಳ್ಳಿ.

ಮಲೆನಾಡ_ಮೋಡ

ನಿಮ್ಮ ಈ ಡ್ರಾಯಿಂಗ್ ನೋಡಿ ಒಬ್ಬರು ಪ್ಲಾಟ್‌ಫಾರ್ಮ್ ಮಾಡಿ ಮಾರುತ್ತಿದ್ದಾರೆ, ಗೊತ್ತಾ? ನಿಮ್ಮ ಹೆಸರೂ ಇಲ್ಲ, ಊರೂ ಇಲ್ಲ. ನನಗಂತೂ ಸಿಟ್ಟು ಬಂತು.

ಕುಂದಾಪ್ರ_ಕಡಲು

ಗೊತ್ತು. ಮಾರಲಿ, ಪಾನ್ಸೆಯವರಿಗೆ ನಾನೇನು ದುಡ್ಡು ಕೊಟ್ಟಿದ್ದೇನಾ? ನನ್ನ ತಕರಾರು ಬೇರೆ. ಅವರು ಆ ಮರದ ತಡೆ ಬಿಟ್ಟುಬಿಟ್ಟಿದ್ದಾರೆ. ಬಹುಶಃ ಏನೋ ಅಲಂಕಾರಕ್ಕೆ ಇಟ್ಟದ್ದು ಅಂದುಕೊಂಡಿರಬೇಕು. ಮಗುಚಿದ ಕತೆ ನಾನು ಮೊದಲ ಸಲ ಡ್ರಾಯಿಂಗ್ ಹಾಕುವಾಗ ಬರೆದಿರಲಿಲ್ಲ, ನಾಚಿಕೆ ಆಗಿತ್ತು. ಬರೆದಿದ್ದರೆ ಅವರು ತಡೆ ಬಿಡುತ್ತಿರಲಿಲ್ಲ. ಅದಕ್ಕೇ ಈಗ ಇಷ್ಟುದ್ದ ಬರೆದದ್ದು.

ರಾತ್ರಿಪಾಳಿ

ನಾನು ಉಜ್ಜಲ್ಲ, ಆದರೆ ಈ ತೊಟ್ಟಿಲು ಮಾಡ್ತೀನಿ. ರೆಡಿಮೇಡ್ ಎಂಟಿಂಚಿಗೆ ಆಗುತ್ತಾ? ಅಕ್ಷ ಉತ್ತರಕ್ಕೆ ಹೊಂದಿಸೋಕೆ ಧ್ರುವ ನಕ್ಷತ್ರ ನಮ್ಮ ಟೆರೇಸಿನಿಂದ ಕಾಣಲ್ಲ, ತೆಂಗಿನಮರ ಅಡ್ಡ.

ಕುಂದಾಪ್ರ_ಕಡಲು

ಆಗುತ್ತದೆ, ತೂಕದ ನಡು ಎಲ್ಲಿದೆ ಅಂತ ಮೊದಲು ನೋಡಿಕೊಳ್ಳಿ. ಧ್ರುವ ಇಲ್ಲಿ ಯಾರಿಗೆ ಕಾಣುತ್ತದೆ, 13 ಡಿಗ್ರಿ ಎಂದರೆ ತೆಂಗಿನ ಬುಡದಲ್ಲೇ. ಮೊಬೈಲಿನ ದಿಕ್ಸೂಚಿ ಸಾಕು, ಕಣ್ಣಲ್ಲಿ ನೋಡಲಿಕ್ಕೆ ಒಂದೆರಡು ಡಿಗ್ರಿ ತಪ್ಪಿದರೂ ನಡೆಯುತ್ತದೆ. ಮೊಬೈಲನ್ನು ಕಬ್ಬಿಣದ ಬೇರಿಂಗ್ ಪಕ್ಕ ಇಟ್ಟು ನೋಡಬೇಡಿ ಮಾತ್ರ.

ತಿಪಟೂರು_ತಾರೆ

ಮೂರು ವಾರದ ಮೇಲೆ ಬಂದೆ. ಪಿಚ್ ಕಾಯಿಸಿ ಗಟ್ಟಿ ಮಾಡಿದೆ, ಬೆಳಗ್ಗೆ ಐದಕ್ಕೆ ಎದ್ದು ಕೆಲಸ, ಅಂಗೈ ನಡುವೆ. ಬೆರಳಿನ ಗುಡ್ಡದ ಆಟ ಆಡಿದೆ ಸರ್. ಅಮ್ಮನನ್ನೂ ಕರೆದು ತೋರಿಸಿದೆ. ಅವರೂ ಬೆರಳಿಟ್ಟು ನೋಡಿದರು, ಎರಡು ಸಲ.

ಅಂಚು ಮುಕ್ಕಾಲು ಪಾಲು ಸರಿಯಾಗಿದೆ. ರೋಂಕಿ ಗೆರೆಯ ಕೊಕ್ಕೆ ಕೊನೆಯ ಮೂರು ಮಿ.ಮೀ.ನಲ್ಲಿ ಮಾತ್ರ ಉಳಿದಿದೆ. ಇನ್ನೂ ಎಳೀಲಾ, ಬಿಡ್ಲಾ?

ಹಳೇ_ಕನ್ನಡಿ

ಬಿಡು. ಮುಂದೆ ಮೂರು ಮಿ.ಮೀ. ಮುಚ್ಚುವ ಹಾಗೆ ಕಪ್ಪು ರಟ್ಟಿನ ಉಂಗುರ ಹಾಕು. 150 ಇದ್ದದ್ದು 144 ಆಗುತ್ತೆ, ಬೆಳಕಿನಲ್ಲಿ ನೂರಕ್ಕೆ ಎಂಟು ಪಾಲು ನಷ್ಟ, ಕಣ್ಣಿಗೆ ಗೊತ್ತೇ ಆಗಲ್ಲ. ಇನ್ನೂ ಚೆನ್ನಾಗಿ ಮಾಡ್ತೀನಿ ಅಂತ ಹೋಗಿ ನಡುವೆ ಗುಂಡಿ ಮಾಡಿಕೊಂಡವರು ಬಹಳ ಜನ.

ಕೋಟಿಂಗ್‌ಗೆ ಕೊಡುವ ಮುಂಚೆ ಬರೀ ಗಾಜಿನಲ್ಲೇ ಚಂದ್ರನನ್ನು ನೋಡು. ಬರೀ ಗಾಜು ನೂರಕ್ಕೆ ನಾಲ್ಕು ಪಾಲು ಬೆಳಕು ತಿರುಗಿಸುತ್ತೆ, ಚಂದ್ರನಿಗೆ ಅದು ಧಾರಾಳ.

ತಿಪಟೂರು_ತಾರೆ

ನೋಡಿದೆ. ಪೆಟ್ಟಿಗೆಗೆ ಇನ್ನೂ ಬಣ್ಣ ಹೊಡೆದಿಲ್ಲ. ಕುಳಿಗಳ ಅಂಚಿನ ನೆರಳು ಬ್ಲೇಡಿನಲ್ಲಿ ಕೊಯ್ದ ಹಾಗೆ ಕಂಡಿತು. ಜಾಸ್ತಿ ಏನೂ ಬರೆಯೋಕೆ ಬರ್ತಿಲ್ಲ.

ಕೋಟಿಂಗ್ ಮನೆಯಲ್ಲೇ ಬೆಳ್ಳಿಯಲ್ಲಿ ಮಾಡಬಹುದಾ? ಸಿಲ್ವರ್ ನೈಟ್ರೇಟ್, ಅಮೋನಿಯಾ, ಗ್ಲೂಕೋಸ್ ಸಾಕು ಅಂತ ಓದಿದೆ.

ಧಾರವಾಡ_ಫಿಸಿಕ್ಸ್

ಮಾಡಬಹುದು, ಮೊದಲ ಸಲಕ್ಕೆ ಬೇಡ. ಆ ಅಮೋನಿಯಾ ಬೆರೆಸಿದ ಬೆಳ್ಳಿ ದ್ರಾವಣ ಉಳಿಸಿಟ್ಟರೆ, ಒಣಗಿದರೆ, ಮುಟ್ಟಿದರೆ ಸಿಡಿಯೋ ವಸ್ತು ಆಗುತ್ತೆ. ನಮ್ಮ ಕೆಮಿಸ್ಟ್ರಿ ಮೇಷ್ಟ್ರು ಪಕ್ಕ ನಿಂತು, ಬೇಕಾದಷ್ಟೇ ಕಲಸಿ, ಮಿಕ್ಕಿದ್ದನ್ನು ಆಗಲೇ ಆಮ್ಲ ಹಾಕಿ ಕೆಡಿಸಿ ಚೆಲ್ಲಿಸಿದರು. ಜೊತೆಗೆ ಬೆಳ್ಳಿ ಕೆಲವು ತಿಂಗಳಲ್ಲೇ ಕಪ್ಪಾಗುತ್ತೆ.

ಅಲ್ಯೂಮಿನಿಯಂ ಕೋಟಿಂಗ್‌ಗೆ ಕೊಡಿ. ಆದರೆ ಕೊಡುವಾಗ ಎದುರಿಗೇ ಡಬ್ಬಿ ತೆಗೆಸಿ ತೋರಿಸಿ, ವಾಪಸ್ ತಗೊಳ್ಳುವಾಗಲೂ ಹಾಗೇ. ನಮ್ಮ ಮಕ್ಕಳ ಕನ್ನಡಿ ಒಂದು ಕಡೆ ಕೊಟ್ಟಿದ್ದೆವು, ಕೋಟಿಂಗ್ ಅಡಿಯಲ್ಲಿ ಯಾರದೋ ಹೆಬ್ಬೆರಳ ಗುರುತು ಸಮೇತ ಬಂತು. ಒರೆಸೋಕೂ ಆಗಲ್ಲ. ಹುಡುಗಿಯರು ಅದಕ್ಕೆ "ಆಧಾರ್" ಅಂತ ಹೆಸರಿಟ್ಟಿದ್ದಾರೆ.

ಮಲೆನಾಡ_ಮೋಡ

ವಾಪಸ್ ಬಂದ ಮೇಲೆ ಸ್ಟೀಲ್ ಡಬ್ಬಿ, ಒಳಗೆ ಸಿಲಿಕಾ ಜೆಲ್. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿಟ್ಟರೆ ಐಪೀಸ್ ಮೇಲೂ ಬೂಷ್ಟು ಬರುತ್ತೆ.

ಇದನ್ನೆಲ್ಲ ಓದಿ ನನಗೂ ಕೈ ತುರಿಸ್ತಿದೆ. ಗಾಜು ಸಿಕ್ಕಿದೆ. ತಿಪಟೂರಿನವರ ಹತ್ತಿರ 80ರ ಪುಡಿ ಮಿಕ್ಕಿದೆಯಾ?

ತಿಪಟೂರು_ತಾರೆ

ಅರ್ಧ ಕೆ.ಜಿ. ಇದೆ. ದುಡ್ಡು ಬೇಡ, ಶಿವಮೊಗ್ಗ ಬಸ್ಸಿಗೆ ಹಾಕ್ತೇನೆ, ಬಂದು ಇಳಿಸಿಕೊಳ್ಳಿ. ಎರಡು ಕವರ್ ಹಾಕಿ ಕಟ್ಟಿರ್ತೀನಿ. ಅದನ್ನು ಮನೆಯೊಳಗೆ ಬಿಚ್ಚಬೇಡಿ, ಬೇರೆ ಪುಡಿಗಳ ಪಕ್ಕ ಇಡಲೇಬೇಡಿ. ನಾನು 500ರ ಪುಡಿಯಲ್ಲಿದ್ದಾಗ ಚಪ್ಪಲಿಗೆ ಅಂಟಿಕೊಂಡು ಬಂದ 80ರ ಒಂದೇ ಒಂದು ಕಾಳು ಕನ್ನಡಿಯ ಮೇಲೆ ಈ ಕಡೆಯಿಂದ ಆ ಕಡೆಗೆ ಗೀರು ಎಳೆದು, ಮತ್ತೆ 220ಕ್ಕೆ ವಾಪಸ್ ಹೋಗಿದ್ದೆ. ಐದು ತಿಂಗಳಲ್ಲಿ ಒಂದು ತಿಂಗಳು ಅದೇ.